ಚಿಕೂನ್‌ಗುನ್ಯಾ ಸಂಧಿವಾತ

ಚಿಕೂನ್‌ಗುನ್ಯಾ ಸಂಧಿವಾತ ಎಂಬುದು ಚಿಕೂನ್‌ಗುನ್ಯಾ ವೈರಾಣುವಿನ ಸೋಂಕಿನಿಂದ ಉಂಟಾಗುವ ಕೀಲುಗಳ ಉರಿಯೂತ. ಜ್ವರವು ಸಾಮಾನ್ಯವಾಗಿ ಒಂದು ವಾರದೊಳಗೆ ಇಳಿಯುತ್ತದೆ; ಕೀಲುನೋವು, ಬಾವು ಮತ್ತು ಮುಂಜಾನೆಯ ಬಿಗಿತ ಮಾತ್ರ ಹಲವರಲ್ಲಿ ವಾರಗಟ್ಟಲೆ, ಕೆಲವರಲ್ಲಿ ತಿಂಗಳು ಅಥವಾ ವರ್ಷಗಟ್ಟಲೆ ಉಳಿಯುತ್ತವೆ. ನೋವು ಮೂರು ತಿಂಗಳನ್ನು ಮೀರಿದರೆ ಅದನ್ನು ದೀರ್ಘಕಾಲಿಕ ಚಿಕೂನ್‌ಗುನ್ಯಾ ಸಂಧಿವಾತ ಎಂದು ಪರಿಗಣಿಸಲಾಗುತ್ತದೆ. 2006ರ ಸಾಂಕ್ರಾಮಿಕದಲ್ಲಿ ಭಾರತದ ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದಲ್ಲಿಯೇ ವರದಿಯಾದವು. ಆಗ ಹೆಚ್ಚು ಬಾಧಿತವಾದ ಜಿಲ್ಲೆಗಳಲ್ಲಿ ರಾಯಚೂರು ಸಹ ಒಂದು.

ಹೆಸರು

‘ಚಿಕೂನ್‌ಗುನ್ಯಾ’ ಪದವು ಪೂರ್ವ ಆಫ್ರಿಕಾದ ಮಾಕೊಂಡೆ ಭಾಷೆಯದು. ‘ಬಗ್ಗಿಸುವಂಥದ್ದು’, ‘ಸೊಟ್ಟಗಾಗಿಸುವಂಥದ್ದು’ ಎಂಬುದು ಅದರ ಅರ್ಥ. ಕೀಲುನೋವಿನಿಂದ ನೆಟ್ಟಗೆ ನಿಲ್ಲಲಾಗದೆ ಬಾಗಿ ನಡೆಯುವ ರೋಗಿಯ ಭಂಗಿಯೇ ರೋಗದ ಹೆಸರಾಗಿದೆ. ಜ್ವರವಲ್ಲ, ಕೀಲೇ ಈ ರೋಗದ ಗುರುತು ಎಂಬುದನ್ನು ಹೆಸರಿಟ್ಟ ಜನರು ಮೊದಲೇ ಗುರುತಿಸಿದ್ದರು. ಕನ್ನಡದಲ್ಲಿ ಹೆಸರಿನ ಮೊದಲ ಭಾಗವು ‘ಚಿಕನ್’ ಎಂದು ಕೇಳಿಸುವುದರಿಂದ ಇದು ಕೋಳಿಮಾಂಸದಿಂದ ಬರುವ ಕಾಯಿಲೆಯೆಂಬ ತಪ್ಪು ತಿಳಿವಳಿಕೆ ಹರಡಿತು. 2006ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ನವಾಪುರದ ಕೋಳಿಫಾರಂಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿದ್ದು ಈ ಗೊಂದಲಕ್ಕೆ ಇಂಬುಕೊಡುವಂತಿತ್ತು. ಎರಡು ರೋಗಗಳಿಗೂ ಯಾವುದೇ ಸಂಬಂಧವಿಲ್ಲ.

‘ಸಂಧಿವಾತ’ ಎಂಬ ಪದದ ಬಳಕೆಯಲ್ಲಿಯೂ ಎಚ್ಚರ ಬೇಕು. ಆಡುಮಾತಿನಲ್ಲಿ ಕೀಲುನೋವೆಲ್ಲವೂ ‘ವಾತ’ ಅಥವಾ ‘ಸಂಧಿವಾತ’ವೇ ಆಗಿದೆ. ಆಯುರ್ವೇದದಲ್ಲಿ ಸಂಧಿವಾತ ಮತ್ತು ಆಮವಾತ ಬೇರೆಬೇರೆ: ಮೊದಲನೆಯದನ್ನು ಇಂದು ಕೀಲು ಸವೆತಕ್ಕೂ, ಎರಡನೆಯದನ್ನು ರುಮಟಾಯ್ಡ್ ಸಂಧಿವಾತಕ್ಕೂ ಹೋಲಿಸುವುದು ರೂಢಿ. ಆಧುನಿಕ ವೈದ್ಯಶಾಸ್ತ್ರವು ನೂರಕ್ಕೂ ಹೆಚ್ಚು ಬಗೆಯ ಸಂಧಿವಾತಗಳನ್ನು ಗುರುತಿಸುತ್ತದೆ. ಈ ಲೇಖನದಲ್ಲಿ ಪದವನ್ನು ಕೀಲಿನ ಉರಿಯೂತ ಎಂಬ ವಿಶಾಲ ಅರ್ಥದಲ್ಲಿ ಬಳಸಲಾಗಿದೆ.

ಕಾರಣ ಮತ್ತು ಹರಡುವಿಕೆ

ಚಿಕೂನ್‌ಗುನ್ಯಾ ವೈರಾಣುವು ಟೋಗಾವಿರಿಡೆ ಕುಟುಂಬದ ಆಲ್ಫಾವೈರಸ್ ಕುಲಕ್ಕೆ ಸೇರಿದ ಆರ್‌ಎನ್‌ಎ ವೈರಾಣು. ಇದೇ ಕುಲದ ರಾಸ್ ರಿವರ್, ಒನ್ಯಾಂಗ್-ನ್ಯಾಂಗ್, ಮಯಾರೊ ವೈರಾಣುಗಳೂ ಕೀಲುಗಳನ್ನು ಬಾಧಿಸುತ್ತವೆ. ಸೋಂಕನ್ನು ಹರಡುವುದು ಈಡಿಸ್ ಈಜಿಪ್ಟೈ ಮತ್ತು ಈಡಿಸ್ ಆಲ್ಬೊಪಿಕ್ಟಸ್ ಎಂಬ ಹೆಣ್ಣು ಸೊಳ್ಳೆಗಳು. ಇವು ಹಗಲು ಹೊತ್ತಿನಲ್ಲಿ, ವಿಶೇಷವಾಗಿ ಬೆಳಗಿನ ಜಾವ ಮತ್ತು ಇಳಿಹೊತ್ತಿನಲ್ಲಿ ಕಚ್ಚುತ್ತವೆ. ಚರಂಡಿಯ ಕೊಳಕು ನೀರಿಗಿಂತ ಮನೆಯಲ್ಲಿ ಸಂಗ್ರಹಿಸಿಟ್ಟ ತಿಳಿನೀರಿನಲ್ಲಿ ಹೆಚ್ಚಾಗಿ ಮೊಟ್ಟೆಯಿಡುತ್ತವೆ. ಡೆಂಗಿ ಹರಡುವುದೂ ಇವೇ ಸೊಳ್ಳೆಗಳಿಂದ. ಆದ್ದರಿಂದ ಎರಡು ರೋಗಗಳು ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ ಕಾಣಿಸಿಕೊಳ್ಳಬಹುದು. ಒಬ್ಬರಲ್ಲಿಯೇ ಎರಡೂ ಇರುವುದುಂಟು.

ಸೋಂಕಿತರನ್ನು ಮುಟ್ಟುವುದರಿಂದ, ಅವರೊಂದಿಗೆ ಊಟ ಮಾಡುವುದರಿಂದ ಅಥವಾ ಅವರ ಬಟ್ಟೆ ಒಗೆಯುವುದರಿಂದ ರೋಗ ಹರಡುವುದಿಲ್ಲ. ಆದರೆ ಜ್ವರದ ಮೊದಲ ವಾರದಲ್ಲಿ ರೋಗಿಯ ರಕ್ತದಲ್ಲಿ ವೈರಾಣು ಹೇರಳವಾಗಿರುವುದರಿಂದ, ಅವರನ್ನು ಕಚ್ಚಿದ ಸೊಳ್ಳೆ ಮನೆಯ ಇತರರಿಗೂ ನೆರೆಯವರಿಗೂ ಸೋಂಕನ್ನು ದಾಟಿಸಬಲ್ಲದು. ಹಗಲಿನಲ್ಲಿಯೂ ರೋಗಿಯನ್ನು ಸೊಳ್ಳೆಪರದೆಯೊಳಗೆ ಮಲಗಿಸಬೇಕೆಂಬ ಸಲಹೆಗೆ ಇದೇ ಕಾರಣ. ಹೆರಿಗೆಯ ಸಮಯದಲ್ಲಿ ತಾಯಿಗೆ ಜ್ವರವಿದ್ದರೆ ಶಿಶುವಿಗೆ ಸೋಂಕು ತಗಲುವ ಅಪಾಯವಿದೆ.

ಕೀಲುನೋವು ಏಕೆ ಉಳಿಯುತ್ತದೆಂಬುದು ಪೂರ್ಣವಾಗಿ ಬಗೆಹರಿದಿಲ್ಲ. ವೈರಾಣುವು ಕೀಲಿನ ಒಳಪೊರೆಯ ಜೀವಕೋಶಗಳನ್ನೂ ಮ್ಯಾಕ್ರೊಫೇಜ್ ಎಂಬ ರಕ್ಷಕ ಕೋಶಗಳನ್ನೂ ಹೊಗುತ್ತದೆ; ಅದಕ್ಕೆ ಪ್ರತಿಯಾಗಿ ದೇಹವು ಹೊರಡಿಸುವ ಇಂಟರ್‌ಲ್ಯೂಕಿನ್-6 ಮುಂತಾದ ರಾಸಾಯನಿಕಗಳು ಉರಿಯೂತವನ್ನು ಹೆಚ್ಚಿಸುತ್ತವೆ. ರಿಯೂನಿಯನ್ ದ್ವೀಪದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೋಂಕು ತಗಲಿ 18 ತಿಂಗಳಾದ ರೋಗಿಯೊಬ್ಬರ ಕೀಲಿನ ಒಳಪೊರೆಯಲ್ಲಿ ವೈರಾಣುವಿನ ಆರ್‌ಎನ್‌ಎ ಪತ್ತೆಯಾಯಿತು. ವೈರಾಣುವಿನ ಶೇಷವೇ ನೋವಿಗೆ ಕಾರಣವೇ, ಅಥವಾ ಒಮ್ಮೆ ಕೆರಳಿದ ರೋಗನಿರೋಧಕ ವ್ಯವಸ್ಥೆ ಶಮನವಾಗದಿರುವುದೇ ಎಂಬ ಚರ್ಚೆ ಮುಂದುವರಿದಿದೆ. ಒಮ್ಮೆ ಸೋಂಕಾದವರಿಗೆ ಸಾಮಾನ್ಯವಾಗಿ ದೀರ್ಘಕಾಲದ ರೋಗನಿರೋಧಕ ಶಕ್ತಿ ಲಭಿಸುತ್ತದೆ. ತಿಂಗಳುಗಳ ನಂತರ ನೋವು ಮರುಕಳಿಸಿದರೆ ‘ಮತ್ತೆ ಚಿಕೂನ್‌ಗುನ್ಯಾ ಬಂದಿದೆ’ ಎನ್ನುವುದು ವಾಡಿಕೆ. ಅದು ಹೊಸ ಸೋಂಕಾಗಿರುವುದಕ್ಕಿಂತ ಹಳೆಯ ಉರಿಯೂತದ ಮರುಕಳಿಕೆಯಾಗಿರುವ ಸಾಧ್ಯತೆಯೇ ಹೆಚ್ಚು.

ಇತಿಹಾಸ

ಈ ರೋಗವನ್ನು 1952–53ರಲ್ಲಿ ಅಂದಿನ ಟಾಂಗನ್ಯಿಕಾದ (ಇಂದಿನ ಟಾಂಜಾನಿಯಾ) ಮಾಕೊಂಡೆ ಪ್ರಸ್ಥಭೂಮಿಯಲ್ಲಿ ಗುರುತಿಸಲಾಯಿತು. ಮರಿಯನ್ ರಾಬಿನ್ಸನ್ ಮತ್ತು ಡಬ್ಲ್ಯು. ಎಚ್. ಆರ್. ಲಮ್ಸ್‌ಡೆನ್ ಅವರ ವಿವರಣೆಗಳು 1955ರಲ್ಲಿ ಪ್ರಕಟವಾದವು. ಭಾರತದಲ್ಲಿ 1963ರಲ್ಲಿ ಕಲ್ಕತ್ತದಲ್ಲಿ ಮೊದಲು ಪತ್ತೆಯಾದ ಇದು 1964–65ರಲ್ಲಿ ಮದ್ರಾಸು, ವಿಶಾಖಪಟ್ಟಣ, ನಾಗಪುರ ಮೊದಲಾದೆಡೆ ಹರಡಿತು. 1973ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಕಾಣಿಸಿಕೊಂಡ ನಂತರ ಮೂರು ದಶಕಗಳ ಕಾಲ ದೇಶದಲ್ಲಿ ಇದರ ದೊಡ್ಡ ಹಾವಳಿ ವರದಿಯಾಗಲಿಲ್ಲ. ವೈದ್ಯರ ಒಂದು ಇಡೀ ತಲೆಮಾರು ಈ ರೋಗವನ್ನು ಪಠ್ಯಪುಸ್ತಕದಲ್ಲಿ ಮಾತ್ರ ಕಂಡಿತ್ತು.

2004ರಲ್ಲಿ ಕೀನ್ಯಾದ ಕರಾವಳಿಯಲ್ಲಿ ಆರಂಭವಾದ ಅಲೆ ಹಿಂದೂ ಮಹಾಸಾಗರದ ದ್ವೀಪಗಳನ್ನು ಹಾದುಬಂದಿತು. ಸುಮಾರು ಎಂಟು ಲಕ್ಷ ಜನಸಂಖ್ಯೆಯ ರಿಯೂನಿಯನ್‌ನಲ್ಲಿ 2005–06ರಲ್ಲಿ ಮೂರನೇ ಒಂದು ಭಾಗದಷ್ಟು ಜನ ರೋಗಕ್ಕೆ ತುತ್ತಾದರು. 2005ರ ಕೊನೆಯಲ್ಲಿ ರೋಗವು ಆಂಧ್ರಪ್ರದೇಶದಲ್ಲಿ, ಬೆನ್ನಲ್ಲೇ ಕರ್ನಾಟಕದಲ್ಲಿ ಕಾಣಿಸಿಕೊಂಡಿತು. 2006ರಲ್ಲಿ ದೇಶದಾದ್ಯಂತ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳು ವರದಿಯಾದವು. ಅವುಗಳಲ್ಲಿ ಸುಮಾರು 7.5 ಲಕ್ಷ ಕರ್ನಾಟಕದವು. ಕಲಬುರಗಿ, ಬೀದರ್, ರಾಯಚೂರು, ಬಳ್ಳಾರಿ, ವಿಜಯಪುರ, ತುಮಕೂರು, ಚಿತ್ರದುರ್ಗ, ದಾವಣಗೆರೆ ಮತ್ತು ಕೋಲಾರ ಜಿಲ್ಲೆಗಳು ಹೆಚ್ಚು ಬಾಧಿತವಾದವು. 1963–73ರ ಅವಧಿಯ ವೈರಾಣು ಏಷ್ಯಾದ ತಳಿಯದಾಗಿದ್ದರೆ, ಈ ಬಾರಿ ಬಂದದ್ದು ಆಫ್ರಿಕಾದ ತಳಿ ಎಂಬುದನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ತೋರಿಸಿಕೊಟ್ಟಿತು.

ಎಣಿಕೆಗೆ ಸಿಕ್ಕದ ಕೀಲುಗಳು

ಮೇಲಿನ ಅಂಕಿಗಳೆಲ್ಲವೂ ಜ್ವರದ ಪ್ರಕರಣಗಳವು. ಜ್ವರ ಇಳಿದ ಮೇಲೆ ಎಷ್ಟು ಜನರ ಕೈಕಾಲು ಎಷ್ಟು ತಿಂಗಳು ಬಿಗಿದಿದ್ದವು ಎಂಬುದನ್ನು ವಾಡಿಕೆಯ ವರದಿ ವ್ಯವಸ್ಥೆ ದಾಖಲಿಸುವುದಿಲ್ಲ. ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಂದಾಜು ಈ ಕೊರತೆಯನ್ನು ಭಾಗಶಃ ತುಂಬುತ್ತದೆ. ಕಾಯಿಲೆ ಮತ್ತು ಅಸಾಮರ್ಥ್ಯದಿಂದ ನಷ್ಟವಾದ ಆರೋಗ್ಯವಂತ ಜೀವಿತ ವರ್ಷಗಳ ಲೆಕ್ಕದಲ್ಲಿ 2006ರ ಸಾಂಕ್ರಾಮಿಕವು ದೇಶದ ಮೇಲೆ ಹೊರಿಸಿದ ಹೊರೆ 25,588 ವರ್ಷಗಳು. ಇದರಲ್ಲಿ ಶೇ 55ರಷ್ಟು ಕರ್ನಾಟಕ ಒಂದರದೇ. ಅದಕ್ಕಿಂತ ಮುಖ್ಯವಾದ ಅಂಶವೆಂದರೆ, ಒಟ್ಟು ಹೊರೆಯ ಶೇ 69ರಷ್ಟಕ್ಕೆ ಕಾರಣವಾದದ್ದು ಜ್ವರವಲ್ಲ, ಉಳಿದುಹೋದ ಕೀಲುನೋವು. ಅಂದರೆ ಜ್ವರ ಇಳಿದ ದಿನ ರೋಗಿಯ ಹೆಸರು ಪಟ್ಟಿಯಿಂದ ಬಿಟ್ಟುಹೋಗುತ್ತದೆ. ಕಾಯಿಲೆಯ ದೊಡ್ಡ ಪಾಲು ಶುರುವಾಗುವುದು ಆ ಬಳಿಕ.

ಲಕ್ಷಣಗಳು ಮತ್ತು ಹಂತಗಳು

ಸೊಳ್ಳೆ ಕಚ್ಚಿದ ಮೂರರಿಂದ ಏಳು ದಿನಗಳಲ್ಲಿ ಹಠಾತ್ತಾಗಿ ತೀವ್ರ ಜ್ವರ ಬರುತ್ತದೆ. ಜೊತೆಗೆ ತಲೆನೋವು, ಮೈಕೈ ನೋವು, ಚರ್ಮದ ಮೇಲೆ ದದ್ದು ಮತ್ತು ತೀವ್ರ ಕೀಲುನೋವು ಇರುತ್ತವೆ. ಬೆರಳುಗಳು, ಮಣಿಕಟ್ಟು, ಕಾಲಿನ ಹರಡು, ಪಾದ ಮತ್ತು ಮೊಣಕಾಲುಗಳು ಸಾಮಾನ್ಯವಾಗಿ ಎರಡೂ ಬದಿಗಳಲ್ಲಿ ಸಮನಾಗಿ ನೋಯುತ್ತವೆ. ಸೋಂಕಿತರಲ್ಲಿ ಬಹುಪಾಲು ಜನರಿಗೆ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ; ಈ ವಿಷಯದಲ್ಲಿ ಇದು ಡೆಂಗಿಗಿಂತ ಭಿನ್ನ.

ಮೊದಲ ಎರಡು–ಮೂರು ವಾರಗಳನ್ನು ತೀವ್ರ ಹಂತವೆಂದೂ, ಅಲ್ಲಿಂದ ಮೂರು ತಿಂಗಳವರೆಗಿನ ಅವಧಿಯನ್ನು ಮಧ್ಯಂತರ ಹಂತವೆಂದೂ, ಆ ಬಳಿಕ ಉಳಿಯುವುದನ್ನು ದೀರ್ಘಕಾಲಿಕ ಹಂತವೆಂದೂ ವಿಂಗಡಿಸಲಾಗುತ್ತದೆ. ಎರಡನೆಯ ಹಂತದಲ್ಲಿ ನೋವು ಕಡಿಮೆಯಾದಂತೆ ತೋರಿ ಮರಳಿ ಕೆರಳುವುದುಂಟು. ಬೆಳಿಗ್ಗೆ ಎದ್ದಾಗ ಬೆರಳು ಮಡಚಲಾಗದಿರುವುದು, ನೆಲದಿಂದ ಏಳಲು ಆಸರೆ ಬೇಕಾಗುವುದು, ಮೊದಲ ಹೆಜ್ಜೆಗಳಲ್ಲಿ ಹಿಮ್ಮಡಿ ನೋಯುವುದು, ಮಣಿಕಟ್ಟಿನ ಸ್ನಾಯುರಜ್ಜುಗಳು ಊದಿಕೊಳ್ಳುವುದು, ಬೆರಳುಗಳಲ್ಲಿ ಜೋಮು ಹಿಡಿಯುವುದು ಸಾಮಾನ್ಯ ದೂರುಗಳು. ದಣಿವು, ನಿದ್ರಾಹೀನತೆ, ಖಿನ್ನತೆಗಳೂ ಜೊತೆಗೂಡುತ್ತವೆ.

ಎಷ್ಟು ಜನರಲ್ಲಿ ನೋವು ಉಳಿಯುತ್ತದೆಂಬುದು ಅಧ್ಯಯನದಿಂದ ಅಧ್ಯಯನಕ್ಕೆ ಬಹಳ ಭಿನ್ನವಾಗಿದೆ. ನಲವತ್ತು ದಾಟಿದವರು, ಮಹಿಳೆಯರು, ಮೊದಲ ವಾರದಲ್ಲಿ ನೋವು ಅತಿ ತೀವ್ರವಾಗಿದ್ದವರು ಮತ್ತು ಮೊದಲೇ ಕೀಲು ಸವೆತವಿದ್ದವರಲ್ಲಿ ಸಾಧ್ಯತೆ ಹೆಚ್ಚು ಎಂಬುದರಲ್ಲಿ ಮಾತ್ರ ಹೆಚ್ಚಿನ ಅಧ್ಯಯನಗಳು ಒಮ್ಮತ ಹೊಂದಿವೆ. ಬಹುತೇಕರು ಕಾಲಕ್ರಮೇಣ ಗುಣಮುಖರಾಗುತ್ತಾರೆ.

ರೋಗನಿರ್ಣಯ

ಜ್ವರದ ಮೊದಲ ವಾರದಲ್ಲಿ ಆರ್‌ಟಿ-ಪಿಸಿಆರ್ ಪರೀಕ್ಷೆಯಿಂದ ವೈರಾಣುವನ್ನು ನೇರವಾಗಿ ಪತ್ತೆ ಮಾಡಬಹುದು. ಐದಾರು ದಿನಗಳ ಬಳಿಕ ಐಜಿಎಂ ಪ್ರತಿಕಾಯಗಳು ಕಾಣಿಸಿಕೊಂಡು ಕೆಲವು ತಿಂಗಳು ಉಳಿಯುತ್ತವೆ. ಐಜಿಜಿ ಪ್ರತಿಕಾಯಗಳು ವರ್ಷಗಟ್ಟಲೆ ಇರುತ್ತವೆ. ಹೀಗಾಗಿ ಐಜಿಜಿ ಮಾತ್ರ ಕಂಡುಬಂದರೆ ಎಂದೋ ಒಮ್ಮೆ ಸೋಂಕಾಗಿತ್ತು ಎಂದಷ್ಟೇ ಅರ್ಥ. ಇಂದಿನ ನೋವಿಗೆ ಅದೇ ಕಾರಣವೆಂದು ಅದರಿಂದ ಹೇಳಲಾಗದು. ಸರ್ಕಾರಿ ವ್ಯವಸ್ಥೆಯಲ್ಲಿ ಆಯ್ದ ಕಾವಲು ಪ್ರಯೋಗಾಲಯಗಳಿಗೆ ಪರೀಕ್ಷಾ ಕಿಟ್‌ಗಳನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಪೂರೈಸುತ್ತದೆ.

ಚಿಕೂನ್‌ಗುನ್ಯಾ ಹಾವಳಿಯ ಕಾಲದಲ್ಲಿ ಎಲ್ಲ ಕೀಲುನೋವನ್ನೂ ಅದಕ್ಕೇ ಆರೋಪಿಸುವ ಪ್ರವೃತ್ತಿ ಇರುತ್ತದೆ. ಕೆಳಗಿನ ರೋಗಗಳಿಂದ ಇದನ್ನು ಬೇರ್ಪಡಿಸುವುದು ಅಗತ್ಯ. ಏಕೆಂದರೆ ಚಿಕಿತ್ಸೆಯ ದಾರಿಯೇ ಬೇರೆ.

ರುಮಟಾಯ್ಡ್ ಸಂಧಿವಾತವು ಬೆರಳು, ಮಣಿಕಟ್ಟುಗಳನ್ನು ಇದೇ ಬಗೆಯಲ್ಲಿ ಬಾಧಿಸುತ್ತದೆ. ಆದರೆ ಅದು ಹಠಾತ್ ಜ್ವರದೊಂದಿಗೆ ಆರಂಭವಾಗುವುದು ವಿರಳ. ಚಿಕಿತ್ಸೆಯಿಲ್ಲದಿದ್ದರೆ ಅದು ಮೂಳೆಯನ್ನು ಕೊರೆಯುತ್ತದೆ. ಅದರಲ್ಲಿ ಆಂಟಿ-ಸಿಸಿಪಿ ಪ್ರತಿಕಾಯ ಹಲವರಲ್ಲಿ ಕಂಡುಬರುತ್ತದೆ, ಚಿಕೂನ್‌ಗುನ್ಯಾದಲ್ಲಿ ಸಾಮಾನ್ಯವಾಗಿ ಕಂಡುಬರುವುದಿಲ್ಲ. ಕೀಲು ಸವೆತವು ವಯಸ್ಸಾದವರಲ್ಲಿ, ಮುಖ್ಯವಾಗಿ ಮೊಣಕಾಲಿನಲ್ಲಿ, ನಿಧಾನವಾಗಿ ಬೆಳೆಯುತ್ತದೆ. ನಡೆದಾಗ ಹೆಚ್ಚಿ ವಿಶ್ರಾಂತಿಯಲ್ಲಿ ತಗ್ಗುತ್ತದೆ. ಒಂದೇ ಕೀಲು ಕೆಂಪಗೆ ಊದಿ ಬಿಸಿಯಾಗಿ ಜ್ವರವಿದ್ದರೆ ಅದು ಕೀವಿನ ಸೋಂಕಾಗಿರಬಹುದು. ಆಗ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕ್ಷಯರೋಗವೂ ಕೀಲಿಗೆ ತಗಲಬಲ್ಲದು.

ರಾಯಚೂರು ಜಿಲ್ಲೆಯಲ್ಲಿ ಇನ್ನೊಂದು ಕಾರಣವನ್ನು ಮರೆಯುವಂತಿಲ್ಲ. ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ, ಭಾರತೀಯ ಮಾನಕದ ಗರಿಷ್ಠ ಮಿತಿಯಾದ ಲೀಟರಿಗೆ 1.5 ಮಿಲಿಗ್ರಾಂ ಅನ್ನು ಮೀರಿದೆ. ಇಂತಹ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಮೂಳೆಯ ಫ್ಲೋರೋಸಿಸ್ ಉಂಟಾಗಿ ಬೆನ್ನು, ಕತ್ತು, ಸೊಂಟ, ಮೊಣಕಾಲುಗಳು ಬಿಗಿಯುತ್ತವೆ. ಇಲ್ಲಿ ಉರಿಯೂತದ ಔಷಧಗಳಿಂದ ಮೂಲ ಪರಿಹಾರವಿಲ್ಲ; ನೀರಿನ ಮೂಲವನ್ನು ಬದಲಿಸುವುದೇ ಮೊದಲ ಚಿಕಿತ್ಸೆ. ಅದೇ ಊರಿನ ಮಕ್ಕಳ ಹಲ್ಲುಗಳ ಮೇಲೆ ಕಂದುಗೆರೆಗಳಿವೆಯೇ ಎಂದು ನೋಡುವುದು ವೈದ್ಯರಿಗೂ ಆಶಾ ಕಾರ್ಯಕರ್ತೆಯರಿಗೂ ಸುಲಭವಾದ ಸುಳಿವು. ಮಲೆನಾಡಿನ ಸಾಗರ ತಾಲ್ಲೂಕಿನಲ್ಲಿ 1970ರ ದಶಕದಲ್ಲಿ ಗುರುತಿಸಲಾದ ಹಂದಿಗೋಡು ಕಾಯಿಲೆಯು ವಂಶಪಾರಂಪರ್ಯವಾದದ್ದು. ಚಿಕೂನ್‌ಗುನ್ಯಾಕ್ಕೂ ಅದಕ್ಕೂ ಸಂಬಂಧವಿಲ್ಲ.

ಚಿಕಿತ್ಸೆ

ವೈರಾಣುವನ್ನೇ ನಾಶಪಡಿಸುವ ನಿರ್ದಿಷ್ಟ ಔಷಧವಿಲ್ಲ. ಜ್ವರದ ದಿನಗಳಲ್ಲಿ ವಿಶ್ರಾಂತಿ, ಸಾಕಷ್ಟು ನೀರು, ಗಂಜಿ, ಮಜ್ಜಿಗೆಯಂತಹ ದ್ರವಾಹಾರ ಮತ್ತು ಪ್ಯಾರಾಸಿಟಮಾಲ್ ಸಾಕಾಗುತ್ತವೆ. ಡೆಂಗಿ ಇಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದ ನೋವುನಿವಾರಕಗಳನ್ನು ತೆಗೆದುಕೊಳ್ಳಬಾರದು. ಡೆಂಗಿಯಿದ್ದರೆ ಅವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಆ ಬಳಿಕ ಉಳಿಯುವ ನೋವಿಗೆ ವೈದ್ಯರು ಇವುಗಳನ್ನೇ ಸೀಮಿತ ಅವಧಿಗೆ ಕೊಡುತ್ತಾರೆ. ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು, ಹೃದ್ರೋಗ ಇರುವವರು ಅದನ್ನು ಮೊದಲೇ ತಿಳಿಸಬೇಕು.

ಮೂರು ತಿಂಗಳ ನಂತರವೂ ಕೀಲು ಊದಿಕೊಂಡಿದ್ದರೆ ರುಮಟಾಯ್ಡ್ ಸಂಧಿವಾತಕ್ಕೆ ಬಳಸುವ ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜಿನ್, ಮೆಥೊಟ್ರೆಕ್ಸೇಟ್ ಔಷಧಗಳನ್ನು ಪರಿಗಣಿಸಲಾಗುತ್ತದೆ. ಇವುಗಳ ಬಗೆಗಿನ ಸಾಕ್ಷ್ಯ ಇನ್ನೂ ತೆಳುವಾಗಿದೆ. ಜ್ವರದ ಹಂತದಲ್ಲಿ ಕ್ಲೋರೋಕ್ವಿನ್ ಕೊಡುವುದರಿಂದ ಪ್ರಯೋಜನವಿಲ್ಲವೆಂದು ರಿಯೂನಿಯನ್‌ನ ಪ್ರಯೋಗ ತೋರಿಸಿದೆ. ದೀರ್ಘಕಾಲಿಕ ಹಂತದಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಒಂದಕ್ಕಿಂತ ಮೂರು ಔಷಧಗಳ ಸಂಯೋಜನೆ ಉತ್ತಮವೆಂದು ಕೇರಳದ ಒಂದು ಸಣ್ಣ ಪ್ರಯೋಗ ಕಂಡುಕೊಂಡಿತು.

ಮೆಥೊಟ್ರೆಕ್ಸೇಟ್ ಬಗ್ಗೆ ವಿಶೇಷ ಎಚ್ಚರ ಅವಶ್ಯ. ಸಂಧಿವಾತಕ್ಕೆ ಇದನ್ನು ವಾರಕ್ಕೆ ಒಮ್ಮೆ, ನಿಗದಿತ ಒಂದೇ ದಿನ ನುಂಗಬೇಕು. ಉಳಿದ ಮಾತ್ರೆಗಳಂತೆ ಪ್ರತಿದಿನ ನುಂಗಿದರೆ ಬಾಯಿಹುಣ್ಣು, ರಕ್ತಕಣಗಳ ಕುಸಿತವಾಗಿ ಪ್ರಾಣಕ್ಕೇ ಅಪಾಯವಾಗಬಲ್ಲದು. ಓದುಬರಹ ಬಾರದ ರೋಗಿಗೆ ಚೀಟಿಯ ಮೇಲಿನ ಬರಹ ನೆರವಾಗದು. ಊರಿನ ಸಂತೆಯ ದಿನದಂತಹ ಮರೆಯಲಾಗದ ವಾರದ ಗುರುತಿಗೆ ಮಾತ್ರೆಯನ್ನು ಜೋಡಿಸಿ ಹೇಳುವುದು, ಮನೆಯ ಇನ್ನೊಬ್ಬರಿಗೂ ಅದನ್ನು ತಿಳಿಸುವುದು ಹೆಚ್ಚು ಸುರಕ್ಷಿತ. ಜೊತೆಗೆ ಫೋಲಿಕ್ ಆಮ್ಲದ ಮಾತ್ರೆ ಹಾಗೂ ನಿಯತವಾಗಿ ರಕ್ತ ಮತ್ತು ಯಕೃತ್ತಿನ ಪರೀಕ್ಷೆ ಬೇಕು. ಗರ್ಭಿಣಿಯರು ಮತ್ತು ಗರ್ಭ ಧರಿಸಲು ಬಯಸುವವರು ಇದನ್ನು ಸೇವಿಸುವಂತಿಲ್ಲ. ಮದ್ಯಪಾನ ವರ್ಜ್ಯ.

ಸ್ಟೀರಾಯ್ಡ್‌ಗಳು ನೋವನ್ನು ಒಂದೆರಡು ದಿನಗಳಲ್ಲೇ ಇಳಿಸುತ್ತವೆ. ತಜ್ಞರು ಅವುಗಳನ್ನು ಕಡಿಮೆ ಪ್ರಮಾಣದಲ್ಲಿ, ಅಲ್ಪಾವಧಿಗೆ ಕೊಡುವುದುಂಟು. ಆದರೆ ಗ್ರಾಮೀಣ ಪ್ರದೇಶಗಳಲ್ಲಿ ಅರ್ಹತೆಯಿಲ್ಲದ ವೈದ್ಯರು ಡೆಕ್ಸಾಮೆಥಸೋನ್ ಮತ್ತು ಡೈಕ್ಲೊಫೆನಾಕ್‌ಗಳನ್ನು ಚುಚ್ಚುಮದ್ದಾಗಿ ಮೇಲಿಂದ ಮೇಲೆ ಕೊಡುವುದು ದೊಡ್ಡ ಸಮಸ್ಯೆ. ಒಂದು ಸೂಜಿಯಿಂದ ಮರುದಿನ ಕೂಲಿಗೆ ಹೋಗಲು ಸಾಧ್ಯವಾಗುವ ಕೂಲಿಕಾರರು ಅದನ್ನು ಆರಿಸಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ಅಜ್ಞಾನಕ್ಕಿಂತ ಕೂಲಿಯ ಲೆಕ್ಕವೇ ಇಲ್ಲಿ ಮುಖ್ಯ. ತಿಂಗಳುಗಟ್ಟಲೆ ಮುಂದುವರಿದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂಳೆ ಟೊಳ್ಳಾಗುವಿಕೆ, ಸೋಂಕುಗಳು ಕಾಡುತ್ತವೆ. ದೀರ್ಘಕಾಲ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸುವುದೂ ಅಪಾಯಕಾರಿ. ವೈದ್ಯರ ಮಾರ್ಗದರ್ಶನದಲ್ಲಿ ಹಂತಹಂತವಾಗಿ ತಗ್ಗಿಸಬೇಕು.

ಔಷಧದಷ್ಟೇ ವ್ಯಾಯಾಮವೂ ಮುಖ್ಯ. ಬಾವು ತೀವ್ರವಾಗಿರುವಾಗ ಕೀಲಿಗೆ ವಿಶ್ರಾಂತಿ ಬೇಕು, ಆದರೆ ಪೂರ್ತಿ ಮಲಗಿಬಿಟ್ಟರೆ ಬಿಗಿತ ಹೆಚ್ಚುತ್ತದೆ. ಬೆಳಿಗ್ಗೆ ಬೆಚ್ಚನೆಯ ನೀರಿನಲ್ಲಿ ಕೈಗಳನ್ನಿಟ್ಟು ಬೆರಳುಗಳನ್ನು ಮೆಲ್ಲಗೆ ಮಡಚಿ ಬಿಡಿಸುವುದು, ಕುಳಿತಲ್ಲಿಯೇ ಮೊಣಕಾಲನ್ನು ಚಾಚುವುದು ಮನೆಯಲ್ಲೇ ಮಾಡಬಹುದಾದವು. ಎಣ್ಣೆ ಹಚ್ಚಿ ಕಾಯಿಸುವ ರೂಢಿಯಿಂದ ಹಲವರಿಗೆ ಆರಾಮ ಸಿಗುತ್ತದೆ. ಊದಿ ಬಿಸಿಯಾಗಿರುವ ಕೀಲನ್ನು ಮಾತ್ರ ಬಲವಾಗಿ ತಿಕ್ಕಬಾರದು.

ರಾಯಚೂರು ಜಿಲ್ಲೆಯಲ್ಲಿ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ಜಿಲ್ಲೆಯ ಗಿಲ್ಲೆಸುಗೂರು, ದೇವದುರ್ಗ, ಮಾನ್ವಿ ಸುತ್ತಲಿನ ಬದುಕು ಬಹುಪಾಲು ಕೃಷಿಯನ್ನೂ ಕೃಷಿಕೂಲಿಯನ್ನೂ ಅವಲಂಬಿಸಿದೆ. ಎರಡು ನದಿಗಳಿದ್ದರೂ ಇದು ಕಡಿಮೆ ಮಳೆಯ ಬಿಸಿಲು ಸೀಮೆ. ನಲ್ಲಿಯಲ್ಲಿ ಪ್ರತಿದಿನ ನೀರು ಬಾರದ ಕಡೆ ಜನರು ಹರವಿ, ಕೊಡ, ಪ್ಲಾಸ್ಟಿಕ್ ಡ್ರಮ್ಮು, ಸಿಮೆಂಟ್ ತೊಟ್ಟಿಗಳಲ್ಲಿ ನೀರು ತುಂಬಿಡುವುದು ಅನಿವಾರ್ಯ. ಹೀಗಾಗಿ ಇಲ್ಲಿ ಈಡಿಸ್ ಸೊಳ್ಳೆಗೆ ಮಳೆಗಾಲವೇ ಬೇಕೆಂದಿಲ್ಲ. ಆದರೂ ಮಳೆಗಾಲ ಮತ್ತು ಅದರ ನಂತರದ ತಿಂಗಳುಗಳಲ್ಲಿ ಸೋಂಕು ಹೆಚ್ಚುವುದು ಸಾಮಾನ್ಯ.

ಕೃಷಿಯ ಕಾಲಚಕ್ರಕ್ಕೂ ಈ ರೋಗಕ್ಕೂ ಇರುವ ಸಂಬಂಧವನ್ನು ಗಮನಿಸಬೇಕು. ಮುಂಗಾರಿನಲ್ಲಿ ಬಿತ್ತಿದ ಹತ್ತಿಯನ್ನು ಅಕ್ಟೋಬರ್ ನಂತರ ಹಲವು ಸುತ್ತುಗಳಲ್ಲಿ ಬಿಡಿಸಲಾಗುತ್ತದೆ. ಇದನ್ನು ಹೆಚ್ಚಾಗಿ ಮಹಿಳೆಯರೇ ಮಾಡುತ್ತಾರೆ. ಹಲವೆಡೆ ಕೂಲಿಯನ್ನು ಬಿಡಿಸಿದ ಹತ್ತಿಯ ತೂಕದ ಮೇಲೆ ಕೊಡಲಾಗುತ್ತದೆ. ಆಗಸ್ಟ್–ಸೆಪ್ಟೆಂಬರಿನಲ್ಲಿ ಜ್ವರಕ್ಕೆ ತುತ್ತಾದವರ ಬೆರಳು ಮತ್ತು ಮಣಿಕಟ್ಟುಗಳು ಕೈಕೊಡುವುದು ಇದೇ ತಿಂಗಳುಗಳಲ್ಲಿ. ನೀರಾವರಿ ಭಾಗದ ಭತ್ತದ ನಾಟಿಗೆ ಸೊಂಟ, ಮೊಣಕಾಲುಗಳು ಬೇಕು. ಮನೆಯಲ್ಲಿ ಜೋಳದ ರೊಟ್ಟಿ ಬಡಿಯಲು ಅಂಗೈ, ಮಣಿಕಟ್ಟುಗಳು ಬೇಕು. ಆಸ್ಪತ್ರೆಯ ದಾಖಲೆಯಲ್ಲಿ ‘ಸೌಮ್ಯ ಕೀಲುನೋವು’ ಎಂದು ಬರೆಯಬಹುದಾದದ್ದು ಇಲ್ಲಿ ಒಂದು ಹಂಗಾಮಿನ ಕೂಲಿಯ ನಷ್ಟವಾಗಿ ಪರಿಣಮಿಸಬಲ್ಲದು. ಸುಗ್ಗಿ ಮುಗಿದ ಮೇಲೆ ಬೆಂಗಳೂರು ಮುಂತಾದ ನಗರಗಳಿಗೆ ಗುಳೆ ಹೋಗುವ ಕುಟುಂಬಗಳ ಚಿಕಿತ್ಸೆ ನಡುವೆಯೇ ಕಡಿದುಹೋಗುತ್ತದೆ. ಹಳೆಯ ಚೀಟಿ, ಪರೀಕ್ಷಾ ವರದಿಗಳನ್ನು ಜೊತೆಗೆ ಒಯ್ಯುವುದರಿಂದ ಹೊಸ ವೈದ್ಯರು ಮೊದಲಿನಿಂದ ಆರಂಭಿಸುವುದು ತಪ್ಪುತ್ತದೆ.

ಪ್ರಾಥಮಿಕ ಆರೋಗ್ಯ ಕೇಂದ್ರಗಳು ಮತ್ತು ತಾಲ್ಲೂಕು ಆಸ್ಪತ್ರೆಗಳ ಮೇಲಿನ ಹಂತದಲ್ಲಿ, 2007ರಲ್ಲಿ ಆರಂಭವಾದ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ರಿಮ್ಸ್) ಜಿಲ್ಲೆಯ ಪ್ರಮುಖ ಸರ್ಕಾರಿ ಬೋಧನಾ ಆಸ್ಪತ್ರೆಯಾಗಿದೆ. ಸಂಧಿವಾತ ತಜ್ಞರು ರಾಜ್ಯದಲ್ಲಿ ಹೆಚ್ಚಾಗಿ ಬೆಂಗಳೂರಿನಂತಹ ದೊಡ್ಡ ನಗರಗಳಲ್ಲಿ ಕೇಂದ್ರೀಕೃತರಾಗಿರುವುದರಿಂದ, ಈ ಭಾಗದ ರೋಗಿಗಳನ್ನು ನೋಡುವವರು ಬಹುತೇಕ ಸಾಮಾನ್ಯ ವೈದ್ಯರು ಅಥವಾ ಮೂಳೆ ತಜ್ಞರು.

ಆರೈಕೆ ಮತ್ತು ನೆರವು

ಈ ರೋಗದಲ್ಲಿ ಆರೈಕೆಯ ಹೊರೆ ವಿಚಿತ್ರ ರೀತಿಯಲ್ಲಿ ಹಂಚಿಕೆಯಾಗುತ್ತದೆ. ಒಂದೇ ಮನೆಯ ಹಲವರು ಒಟ್ಟಿಗೆ ಮಲಗುವುದರಿಂದ ಆರೈಕೆ ಮಾಡುವವರೂ ರೋಗಿಗಳೇ ಆಗಿರುತ್ತಾರೆ. ದೀರ್ಘಕಾಲದ ನೋವು ಹೆಚ್ಚಾಗಿ ಉಳಿಯುವುದು ನಡುವಯಸ್ಸಿನ ಮಹಿಳೆಯರಲ್ಲಿ. ಮನೆಯ ಇತರರನ್ನು ನೋಡಿಕೊಳ್ಳುತ್ತಿದ್ದವರೂ ಅವರೇ. ಆಗ ನೀರು ತರುವ, ರೊಟ್ಟಿ ಬಡಿಯುವ ಕೆಲಸ ಶಾಲೆಗೆ ಹೋಗುವ ಹುಡುಗಿಯ ಮೇಲೆ ಬೀಳುವ ಸಂಭವವಿರುತ್ತದೆ. ಹೊರನೋಟಕ್ಕೆ ಗಾಯವಾಗಲಿ ಜ್ವರವಾಗಲಿ ಇಲ್ಲದ ಕಾರಣ ‘ಜ್ವರ ಬಿಟ್ಟು ತಿಂಗಳಾಯಿತು, ಇನ್ನೂ ಏನು ನೋವು’ ಎಂಬ ಮಾತು ಕೇಳಬೇಕಾಗುತ್ತದೆ. ನೋವು ನಿಜವಾದದ್ದು, ಆದರೆ ಹೆಚ್ಚಿನವರಲ್ಲಿ ಕ್ರಮೇಣ ಇಳಿಯುವಂಥದ್ದು ಎಂಬ ಎರಡೂ ಸಂಗತಿಗಳನ್ನು ರೋಗಿಗೂ ಮನೆಯವರಿಗೂ ಒಟ್ಟಿಗೆ ಕೂರಿಸಿ ವಿವರಿಸುವುದು ಚಿಕಿತ್ಸೆಯ ಭಾಗವೇ ಆಗಿದೆ.

ಮನೆಯಲ್ಲಿ ಸಣ್ಣ ಬದಲಾವಣೆಗಳಿಂದ ಅನುಕೂಲವಾಗುತ್ತದೆ. ಒಲೆಯನ್ನು ನೆಲದಿಂದ ಕಟ್ಟೆಯ ಮೇಲೆ ಇಡುವುದು, ಕುಕ್ಕರಗಾಲಿನಲ್ಲಿ ಕೂರುವ ಬದಲು ಸ್ಟೂಲು ಬಳಸುವುದು, ಶೌಚಾಲಯದಲ್ಲಿ ಕಮೋಡ್ ಕುರ್ಚಿ ಇಡುವುದು, ತುಂಬಿದ ಕೊಡದ ಬದಲು ಅರ್ಧ ಕೊಡ ಹೊರುವುದು, ಸವುಟು, ಕುಡುಗೋಲುಗಳ ಹಿಡಿಕೆಗೆ ಬಟ್ಟೆ ಸುತ್ತಿ ದಪ್ಪ ಮಾಡುವುದು ಇವುಗಳಲ್ಲಿ ಕೆಲವು. ಹೆಚ್ಚು ಶ್ರಮದ ಕೆಲಸಗಳನ್ನು ಬಿಗಿತ ಸಡಿಲವಾದ ಮೇಲೆ, ಹೊತ್ತೇರಿದ ಬಳಿಕ ಇಟ್ಟುಕೊಳ್ಳುವುದು ಒಳಿತು.

ಚಿಕೂನ್‌ಗುನ್ಯಾವನ್ನು ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಪ್ರತ್ಯೇಕ ಅಂಗವೈಕಲ್ಯವಾಗಿ ಪಟ್ಟಿ ಮಾಡಿಲ್ಲ. ಆದರೆ ಕೀಲುಗಳ ಚಲನೆಗೆ ಶಾಶ್ವತ ಅಡಚಣೆ ಉಳಿದರೆ, ಅದನ್ನು ಚಲನಸಂಬಂಧಿ ಅಂಗವೈಕಲ್ಯದ ಅಡಿಯಲ್ಲಿ ವೈದ್ಯಕೀಯ ಪ್ರಾಧಿಕಾರವು ಅಳೆಯಬಹುದು. ಕಾಯ್ದೆಯ ಪ್ರಕಾರ ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವನ್ನು ಸೌಲಭ್ಯಗಳಿಗೆ ಮಾನದಂಡವಾಗಿ ಪರಿಗಣಿಸಲಾಗುತ್ತದೆ. ತಾತ್ಕಾಲಿಕ ಅಸಾಮರ್ಥ್ಯ, ಅದು ಆರು ತಿಂಗಳದ್ದಾದರೂ, ಇದರಡಿ ಬರುವುದು ಕಷ್ಟ. ಈ ರೋಗಿಗಳಲ್ಲಿ ಬಹುಪಾಲು ಜನರು ಬೀಳುವುದು ಇದೇ ಅಂತರದಲ್ಲಿ.

ತಡೆಗಟ್ಟುವಿಕೆ

ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಬೆಚ್ಚಗಿನ ಹವೆಯಲ್ಲಿ ಸುಮಾರು ಏಳರಿಂದ ಹತ್ತು ದಿನ ಬೇಕು. ಆದ್ದರಿಂದ ನೀರಿನ ಪಾತ್ರೆಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ, ಒಣಗಿಸುವುದು ಮೂಲ ಉಪಾಯ. ಮೊಟ್ಟೆಗಳು ಪಾತ್ರೆಯ ಒಳಗೋಡೆಗೆ ಅಂಟಿಕೊಂಡು ಒಣಗಿದ ಸ್ಥಿತಿಯಲ್ಲಿಯೂ ತಿಂಗಳುಗಟ್ಟಲೆ ಬದುಕಬಲ್ಲವು. ನೀರು ಚೆಲ್ಲಿದರಷ್ಟೇ ಸಾಲದು, ಒಳಬದಿಯನ್ನು ಉಜ್ಜಿ ತೊಳೆಯಬೇಕು. ಖಾಲಿ ಮಾಡಲಾಗದ ದೊಡ್ಡ ತೊಟ್ಟಿಗಳನ್ನು ಬಟ್ಟೆ ಅಥವಾ ಮುಚ್ಚಳದಿಂದ ಬಿಗಿಯಾಗಿ ಮುಚ್ಚಬೇಕು. ಆರೋಗ್ಯ ಇಲಾಖೆಯು ಟೆಮಿಫಾಸ್ ಎಂಬ ಲಾರ್ವಾನಾಶಕವನ್ನೂ, ಬಾವಿ-ಕೊಳಗಳಲ್ಲಿ ಗಪ್ಪಿ ಮತ್ತು ಗ್ಯಾಂಬೂಸಿಯಾ ಮೀನುಗಳನ್ನೂ ಬಳಸುತ್ತದೆ. ನೀರಿನ ಅಭಾವವಿರುವ ಊರಿನಲ್ಲಿ ‘ವಾರಕ್ಕೊಮ್ಮೆ ಚೆಲ್ಲಿ’ ಎಂಬ ಸೂಚನೆ ಪಾಲನೆಯಾಗುವುದು ನೀರು ಪೂರೈಕೆ ನಿಯತವಾಗಿದ್ದಾಗ ಮಾತ್ರ.

ಅಮೆರಿಕದಲ್ಲಿ ಮೊದಲ ಚಿಕೂನ್‌ಗುನ್ಯಾ ಲಸಿಕೆಗೆ 2023ರ ನವೆಂಬರಿನಲ್ಲಿ, ಎರಡನೆಯದಕ್ಕೆ 2025ರ ಫೆಬ್ರುವರಿಯಲ್ಲಿ ಅನುಮೋದನೆ ದೊರೆಯಿತು. ಜೀವಂತ ದುರ್ಬಲಗೊಳಿಸಿದ ವೈರಾಣುವಿನಿಂದ ತಯಾರಿಸಿದ ಮೊದಲ ಲಸಿಕೆಯಿಂದ ಗಂಭೀರ ಅಡ್ಡಪರಿಣಾಮಗಳು ವರದಿಯಾದ ಕಾರಣ ಅಲ್ಲಿ ಅದರ ಪರವಾನಗಿಯನ್ನು 2025ರ ಆಗಸ್ಟ್‌ನಲ್ಲಿ ಅಮಾನತುಗೊಳಿಸಲಾಯಿತು. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಚಿಕೂನ್‌ಗುನ್ಯಾ ಲಸಿಕೆ ಸೇರಿಲ್ಲ.